ಮಾವ ಕಳಿಸಿದ ಜೀವ

ನಮ್ಮ ಮದುವೆಯಾದ ದಿನದಿಂದ ನನ್ನ ಮಾವ ಮಗಳ ಜೊತೆ ಮಾತು ಬಿಟ್ಟಿದ್ದರು. ಉಡುಪಿ ಕಡೆಯ ಕಡಲತೀರದಲ್ಲಿ ಅವರದೊಂದು ದೋಣಿ, ತೆಂಗಿನ ಮರಗಳ ಹಿಂದೆ ಒಂದು ಹೆಂಚಿನ ಮನೆ. ಹೆಂಡತಿ ತೀರಿಕೊಂಡಾಗ ಮಗಳು ಇನ್ನೂ ಶಾಲೆಗೆ ಹೋಗುವ ಹುಡುಗಿ, ಮಗ ನಡೆಯಲು ಕಲಿಯುತ್ತಿದ್ದ ಕೂಸು. ಇಬ್ಬರನ್ನೂ ತಾವೇ ಸಾಕಿದರು. ಮಗಳು ಓದಿನಲ್ಲಿ ಚುರುಕಾಗಿದ್ದಾಳೆಂದು ನರ್ಸಿಂಗ್ ಕಲಿಯಲು ಬೆಂಗಳೂರಿಗೆ ಕಳಿಸಿದರು. ಕಲಿತು ಬಂದ ಮೇಲೆ ಅವಳನ್ನು ತಮ್ಮ ತಂಗಿಯ ಮಗನಿಗೆ ಕೊಡುವುದೆಂದು ಮಾತಾಗಿತ್ತು. ಅವಳು ವಾಪಸು ಹೋಗಲಿಲ್ಲ. ಚಾಮರಾಜಪೇಟೆಯ ತರಕಾರಿ ಅಂಗಡಿಯವರ ಮಗನಾದ ನನ್ನನ್ನು ರಿಜಿಸ್ಟರ್ ಮದುವೆಯಾದಳು.

ಆಶೀರ್ವಾದ ಬೇಡೋಣವೆಂದು ನಾವಿಬ್ಬರೂ ಹೋಗಿದ್ದೆವು. ಮಾವ ಅಂಗಳದಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಘಟ್ಟದ ಮೇಲಿನವನನ್ನು ಕಟ್ಟಿಕೊಂಡವಳು ಘಟ್ಟದ ಮೇಲೆಯೇ ಇರಲಿ. ನಾನು ಕರೆಯದೆ ಈ ಮೆಟ್ಟಿಲು ಹತ್ತುವುದು ಬೇಡ" ಎಂದು ಬಲೆಗೆ ಹೇಳುವಂತೆ ಹೇಳಿದರು. ಅವಳು ಅಲ್ಲಿಯೇ ಮರಳಿನ ಮೇಲೆ ನಮಸ್ಕಾರ ಮಾಡಿ ಎದ್ದಳು.

ಅವಳು ಗೊಣಗುವ ಹೆಂಗಸಲ್ಲ. ಆಸ್ಪತ್ರೆಯ ಕೆಲಸ, ಮನೆಯ ಕೆಲಸ, ನನ್ನ ತಾಯಿಯ ಕೊನೆಯ ಕಾಯಿಲೆಯಲ್ಲಿ ಅವರ ಆರೈಕೆ, ಎಲ್ಲವನ್ನೂ ಮಾಡಿದಳು. ಆದರೆ ಮನೆಯ ಹಿಂದೆ ಗಾಡಿಯೋ ಮತ್ತೊಂದೋ ಸದ್ದು ಮಾಡಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. "ಏನೇ ಅದು?" ಅಂದರೆ, "ಏನಿಲ್ಲ, ಅಲೆ ಅನ್ನಿಸ್ತು" ಅನ್ನುತ್ತಿದ್ದಳು.

ಎರಡು ವರ್ಷದ ಮೇಲೆ ಅವಳ ತಮ್ಮ ಉಡುಪಿಯಿಂದ ಬರುವ ನೈಟ್ ಬಸ್ಸಿನಲ್ಲಿ ಕಂಡಕ್ಟರ್ ಆದ. ಬಸ್ಸು ಬೆಳಿಗ್ಗೆ ಕಲಾಸಿಪಾಳ್ಯಕ್ಕೆ ಬಂದು ಸಂಜೆ ಮತ್ತೆ ಹೊರಡುತ್ತಿತ್ತು. ಅಲ್ಲಿಂದ ನಮ್ಮ ಮನೆ ನಡೆದು ಬರುವಷ್ಟೇ ದೂರ. ಅಪ್ಪನಿಗೆ ಹೇಳದೆ ಅವನು ಒಂದು ಬೆಳಿಗ್ಗೆ ನಮ್ಮ ಬಾಗಿಲು ಬಡಿದ. ಕೈಯಲ್ಲಿ ಒಂದು ಬಾಟಲಿ ನೀರು.

"ಅಕ್ಕ, ನಿನಗೆ ಅಂತ ತಂದೆ. ಕಾಲು ತೊಳ್ಕೋ" ಅಂದ ನಗುತ್ತಾ.

ಅದು ಕಡಲಿನ ನೀರು. ಅವಳೂ ನಕ್ಕಳು. ಬಚ್ಚಲಿಗೆ ಹೋಗಿ ನಿಜವಾಗಿಯೂ ಕಾಲ ಮೇಲೆ ಸುರಿದುಕೊಂಡಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾವಿಬ್ಬರೂ ಕಾಫಿ ಆರಿಸಿಕೊಂಡು ಕೂತಿದ್ದೆವು.

ಮನೆಯಲ್ಲಿ ಸಮುದ್ರದ ತೊಟ್ಟಿ ಮಾಡುವ ಯೋಚನೆ ನನಗೆ ಬಂದದ್ದು ಆವತ್ತು. ನಾನು ಬಸವನಗುಡಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಸಿಹಿನೀರಿನ ಮೀನು ಸಾಕಿ ಗೊತ್ತಿತ್ತು. ಉಪ್ಪುನೀರಿನ ತೊಟ್ಟಿಯನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ದಪ್ಪ ಗಾಜು ಕೊಯ್ಯಿಸಿ, ಅಂಟಿಸಿ, ನಡುಮನೆಯ ಮೇಜಿನ ಮೇಲೆ ತೊಟ್ಟಿ ಇಟ್ಟೆ. ಭಾವಮೈದುನ ವಾರಕ್ಕೊಂದು ಸಲ ಬಸ್ಸಿನ ಟಾಪಿನ ಮೇಲೆ ಬಿಳಿ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಕಡಲ ನೀರು ತಂದ. ಮರಳು ತಂದ, ಚಿಪ್ಪು ತಂದ. ಗಾಳಿ ಬಿಡುವ ಸಣ್ಣ ಕರೆಂಟ್ ಪಂಪು ಗುರ್ರೆನ್ನತೊಡಗಿತು. ಕರೆಂಟ್ ಹೋದಾಗಲೆಲ್ಲ ನಾವು ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತಾ ನಿಲ್ಲುತ್ತಿದ್ದೆವು. ಮುಂದಿನ ಭಾಗದಲ್ಲಿದ್ದ ಮನೆ ಒಡತಿ ಅಜ್ಜಿ ಮೊದಲು ಮೂಗು ಮುರಿದರು. ಅಮಾವಾಸ್ಯೆಯ ದಿನ ಮಾತ್ರ ತಾವೇ ಬಂದು, "ಒಂದು ಲೋಟ ಸಮುದ್ರದ ನೀರು ಕೊಡಮ್ಮ, ತಲೆ ಮೇಲೆ ಹಾಕ್ಕೋತೀನಿ, ಪುಣ್ಯ ಬರತ್ತೆ" ಅಂದರು. ಒಂದೆರಡು ಸಣ್ಣ ಮೀನು, ಒಂದು ಏಡಿ ಬದುಕಿಕೊಂಡವು. ಅವಳು ಡ್ಯೂಟಿಯಿಂದ ಬಂದು ಚಪ್ಪಲಿ ಬಿಟ್ಟವಳೇ ತೊಟ್ಟಿಯ ಮುಂದೆ ಕೂರುತ್ತಿದ್ದಳು.

ಆ ಡಿಸೆಂಬರಿನ ಒಂದು ಭಾನುವಾರ ಭಾವಮೈದುನ ಬಂದಾಗ ಅವನ ಕೈಯಲ್ಲಿ, ಎದೆಗೆ ಒತ್ತಿಕೊಂಡಿದ್ದ ಅಗಲ ಬಾಯಿಯ ಡಬ್ಬವೊಂದಿತ್ತು. ಮೇಲೆ ಎರಡು ಟವೆಲ್ಲು ಸುತ್ತಿತ್ತು.

"ಇದನ್ನು ಟಾಪಿಗೆ ಹಾಕ್ಲಿಲ್ಲ ಭಾವ. ಎಂಜಿನ್ ಪಕ್ಕ ಮಡಿಲಲ್ಲೇ ಇಟ್ಟುಕೊಂಡು ಬಂದೆ. ಘಟ್ಟದ ಚಳಿಗೆ ಸಾಯ್ತದೆ, ಜೋಪಾನ ಅಂತ ಹೇಳಿದ್ರು."

"ಯಾರು ಹೇಳಿದ್ರು?" ಎಂದಳು ಅವಳು.

ಅವನು ಡಬ್ಬವನ್ನು ಕೆಳಗಿಟ್ಟು ಬೆವರು ಒರೆಸಿಕೊಂಡ. "ಅಪ್ಪ."

ನೀರಿನ ಕ್ಯಾನು ಎಲ್ಲಿಗೆ ಹೋಗುತ್ತದೆಂದು ಮಾವನಿಗೆ ಯಾವಾಗಲೋ ಗೊತ್ತಾಗಿತ್ತಂತೆ. ಬೈಯಲಿಲ್ಲವಂತೆ. ಹಿಂದಿನ ದಿನ ನೀರಿಳಿದ ಹೊತ್ತಿನಲ್ಲಿ ಒಬ್ಬರೇ ಕಲ್ಲುಗಳ ಕಡೆ ಹೋಗಿ, ಇದನ್ನು ತಂದು ಅಂಗಳದಲ್ಲಿಟ್ಟು, "ಬಸ್ಸಿಗೆ ಹೋಗುವಾಗ ತಕೊಂಡು ಹೋಗು" ಎಂದಷ್ಟೇ ಹೇಳಿದರಂತೆ.

ಟವೆಲ್ಲು ಬಿಚ್ಚಿದೆವು. ಒಳಗೆ ಮುಷ್ಟಿಗಿಂತ ದೊಡ್ಡದಾದ, ತೂತುಗಳಿದ್ದ ಒಂದು ಕಲ್ಲು. ಒಂದು ತೂತಿನಿಂದ ಕಡ್ಡಿಯ ತುದಿಗೆ ಸಿಕ್ಕಿಸಿದಂಥ ಎರಡು ಕಣ್ಣು ಹೊರಗೆ ಬಂದು, ಒಂದು ನನ್ನ ಕಡೆಗೂ ಒಂದು ಅವಳ ಕಡೆಗೂ ತಿರುಗಿದವು. ನನಗೆ ತಕ್ಷಣ ಗುರುತು ಸಿಕ್ಕಿತು. ನಮ್ಮ ಲ್ಯಾಬಿನಲ್ಲಿ ಇದರ ಜಾತಿಯದೊಂದು ಫಾರ್ಮಲಿನ್ ಬಾಟಲಿಯಲ್ಲಿ ಬೆಳ್ಳಗೆ ಬಿಳಿಚಿಕೊಂಡು ವರ್ಷಗಟ್ಟಲೆ ನಿಂತಿತ್ತು. ಪರೀಕ್ಷೆಗೆ ಬಂದ ಮಕ್ಕಳು ಅದನ್ನು ನೋಡಿ 'ಸ್ಕ್ವಿಲ್ಲಾ' ಎಂದು ಬರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಮ್ಯಾಂಟಿಸ್ ಶ್ರಿಂಪ್. ಸೂರ್ಯನ ಕುದುರೆ ಹುಳುವಿನ ಹಾಗೆ ಮುಂಗೈ ಮಡಚಿಕೊಂಡಿದ್ದು, ಅದರಿಂದಲೇ ಚಿಪ್ಪು ಒಡೆಯುವಂತೆ ಹೊಡೆಯುವ ಸೀಗಡಿ. ಜೀವಂತವಾದದ್ದನ್ನು ನಾನು ಎಂದೂ ನೋಡಿರಲಿಲ್ಲ. ಹಸಿರು, ಅಂಚಿನಲ್ಲಿ ಕಿತ್ತಳೆ. ಅಷ್ಟು ಬಣ್ಣ ಇರುತ್ತದೆಂದು ಬಾಟಲಿ ನೋಡಿದವರಿಗೆ ಗೊತ್ತಾಗುವುದಿಲ್ಲ.

ಅವಳು ಮಾತ್ರ ತನ್ನ ಬಲಗೈಯ ತೋರುಬೆರಳನ್ನು ಹಿಡಿದುಕೊಂಡು ನಿಂತಿದ್ದಳು. ಆ ಬೆರಳಿನ ಉಗುರು ನಡುವೆ ಸೀಳಿ ಸೊಟ್ಟಗೆ ಬೆಳೆದಿತ್ತು. ಬಾಗಿಲಿಗೆ ಸಿಕ್ಕಿದ್ದೇನೋ ಎಂದು ನಾನು ಅಂದುಕೊಂಡಿದ್ದೆ.

"ಇದೇ ಹೊಡೆದದ್ದು" ಅಂದಳು. "ಚಿಕ್ಕವಳಿದ್ದಾಗ ಕಲ್ಲಿನ ತೂತಿಗೆ ಬೆರಳು ಹಾಕಿದ್ದೆ. ರಕ್ತ ನೋಡಿ ಹೆದರಿದ್ದು ಅಪ್ಪ. ನನ್ನ ಬೆರಳು ಬಾಯಲ್ಲಿಟ್ಕೊಂಡು ಮರಳಿನ ಮೇಲೆ ಓಡಿದ್ರು, ಮನೆ ತನಕ."

ಆಮೇಲೆ ನನ್ನ ಕಡೆ ತಿರುಗಿ, "ಇದು ಸಾಯಬಾರದು ರೀ" ಅಂದಳು.

ನನಗೆ ನಿಜವಾಗಿ ಹೆದರಿಕೆಯಾಯಿತು. ಕಡಲ ಜೀವವನ್ನು ಒಂದು ನೀರಿನಿಂದ ಇನ್ನೊಂದು ನೀರಿಗೆ ಸುಮ್ಮನೆ ಎತ್ತಿಹಾಕುವಂತಿಲ್ಲ. ಬೆಂಗಳೂರಿನ ಒಣ ಚಳಿಗೆ ನಮ್ಮ ತೊಟ್ಟಿಯ ನೀರು ಆವಿಯಾಗಿ ಉಪ್ಪು ಹೆಚ್ಚಾಗಿತ್ತು. ಉಪ್ಪು ಅಳೆಯುವ ಗಾಜಿನ ಕಡ್ಡಿಯನ್ನು ಎರಡೂ ನೀರಿನಲ್ಲಿ ತೇಲಿಬಿಟ್ಟು ನೋಡಿದೆ. ಡಬ್ಬದಲ್ಲಿ ಒಂದು ಮಟ್ಟಕ್ಕೆ, ತೊಟ್ಟಿಯಲ್ಲಿ ಇನ್ನೊಂದು ಮಟ್ಟಕ್ಕೆ ನಿಂತಿತು. ತೊಟ್ಟಿಯ ನೀರು ತಣ್ಣಗೂ ಇತ್ತು. ಒಂದೇ ಸಲ ಬಿಟ್ಟರೆ ಆ ಜೀವದ ಮೈ ತಡೆಯುವುದಿಲ್ಲ. ಡಬ್ಬದ ನೀರಿಗೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋಗಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ.

"ಆಗಾಗ ಒಂದೊಂದು ಲೋಟ ಹಾಕ್ತಾ ಬರೋಣ" ಅಂದೆ.

"ಲೋಟ ಬೇಡ. ಅದು ಒಂದೇ ಸಲ ಏಟು ಬಿದ್ದ ಹಾಗೆ. ಡ್ರಿಪ್ ಹಾಕೋಣ."

ನನ್ನ ತಾಯಿಗೆ ಮನೆಯಲ್ಲೇ ಗ್ಲೂಕೋಸ್ ಕೊಟ್ಟ ಕಾಲದಲ್ಲಿ ತಂದು ಬಳಸದೆ ಉಳಿದಿದ್ದ ಒಂದು ಸಲೈನ್ ಟ್ಯೂಬು ಬೀರುವಿನಲ್ಲಿತ್ತು. ಅವಳು ಅದನ್ನು ಕಾಯಿಸಿದ ನೀರಿನಲ್ಲಿ ತೊಳೆದಳು. ನೀಲಿ ಪ್ಲಾಸ್ಟಿಕ್ ಬಕೆಟ್ಟಿಗೆ ಡಬ್ಬದ ನೀರನ್ನೂ ಕಲ್ಲನ್ನೂ ಮೆಲ್ಲಗೆ ಇಳಿಸಿದೆವು. ಟ್ಯೂಬಿನ ಒಂದು ತುದಿ ತೊಟ್ಟಿಯಲ್ಲಿ, ಇನ್ನೊಂದು ಬಕೆಟ್ಟಿನ ಮೇಲೆ. ಬಾಯಿಂದ ಒಮ್ಮೆ ಎಳೆದು ನೀರು ಇಳಿಯುವಂತೆ ಮಾಡಿ, ಅದರ ಸಣ್ಣ ಗಾಲಿಯನ್ನು ಹೆಬ್ಬೆರಳಿನಿಂದ ಉರುಳಿಸಿ, ಹನಿ ಹನಿಯಾಗಿ ಬೀಳುವಷ್ಟಕ್ಕೆ ನಿಲ್ಲಿಸಿದಳು. ವಾರ್ಡಿನಲ್ಲಿ ಮಾಡುವಂತೆಯೇ ವಾಚು ನೋಡಿ ಹನಿ ಎಣಿಸಿದಳು. ಬಿಸಿನೀರಿನ ರಬ್ಬರ್ ಚೀಲವನ್ನು ತುಂಬಿಸಿ, ನೀರು ಒಮ್ಮೆಲೇ ತಣ್ಣಗಾಗದಿರಲೆಂದು ಬಕೆಟ್ಟಿಗೆ ಒತ್ತಿಟ್ಟಳು. ಹೊಸ ಜಾಗದಲ್ಲಿ ಬೆಳಕು ಕಂಡರೆ ಗಾಬರಿಯಾಗುತ್ತದೆಂದು ನಾನು ಕಿಟಕಿಗೆ ಕಂಬಳಿ ಹೊದಿಸಿದೆ. ಭಾನುವಾರದ ಹಾಡುಹಗಲಿನಲ್ಲಿ ನಮ್ಮ ನಡುಮನೆ ಹೆರಿಗೆ ಕೋಣೆಯ ಹಾಗೆ ಮಬ್ಬಾಯಿತು.

ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟಿದ್ದ ಭಾವಮೈದುನ ಮಲಗಲಿಲ್ಲ. ಗೋಡೆಗೊರಗಿ ಕೂತಿದ್ದ. ಬಕೆಟ್ಟು ತುಂಬುತ್ತಾ ಬಂದಾಗ ಅರ್ಧ ನೀರನ್ನು ಮೊಗೆದು ಹೊರಗೆ ಚೆಲ್ಲಿ ಬರುವುದು ಅವನ ಕೆಲಸ. ಮತ್ತೆ ಹನಿ ಶುರು. ಅಡಿಗೆ ಆಗಲಿಲ್ಲ. ನಾನು ಹೋಗಿ ಇಡ್ಲಿ ಕಟ್ಟಿಸಿಕೊಂಡು ಬಂದೆ, ಮೂವರೂ ಬಕೆಟ್ಟಿನ ಸುತ್ತ ಕೂತು ತಿಂದೆವು.

ಮಧ್ಯಾಹ್ನ ದಾಟಿದ ಮೇಲೆ ಅದು ಕಲ್ಲಿನಿಂದ ಹೊರಗೆ ಬಂದು ಬಕೆಟ್ಟಿನ ತಳದಲ್ಲಿ ಮಗ್ಗುಲಾಗಿ ಬಿದ್ದುಕೊಂಡಿತು. ಹೊಟ್ಟೆಯ ಕೆಳಗಿನ ಸಣ್ಣ ಕಾಲುಗಳು ನಿಂತೂ ನಿಲ್ಲದಂತೆ ಅಲುಗುತ್ತಿದ್ದವು.

"ಹೋಯ್ತಾ ಭಾವ?" ಎಂದ ಹುಡುಗ. "ನಾನು ಅಪ್ಪನಿಗೆ ಎಂತ ಹೇಳೋದು?"

"ಸುಮ್ನಿರು" ಎಂದು ಅವಳು ಗಾಲಿ ತಿರುಗಿಸಿ ಹನಿ ನಿಲ್ಲಿಸಿದಳು. "ಪೇಷೆಂಟ್‌ಗೂ ಹೀಗೇ ಆಗತ್ತೆ. ಜಾಸ್ತಿ ಅವಸರ ಮಾಡಿದ್ವಿ."

ಬಿಸಿನೀರಿನ ಚೀಲ ಬದಲಿಸಿದಳು. ಗಾಳಿಯ ಪಂಪಿನ ಕೊಳವೆಯನ್ನು ನಾನು ತೊಟ್ಟಿಯಿಂದ ತೆಗೆದು ಬಕೆಟ್ಟಿಗೆ ಬಿಟ್ಟೆ. ಅವಳು ನೆಲಕ್ಕೆ ಕೆನ್ನೆ ಹಚ್ಚುವಷ್ಟು ಬಗ್ಗಿ, ಬಕೆಟ್ಟಿಗೆ ಬಾಯಿ ಹತ್ತಿರ ತಂದು, ತುಳುವಿನಲ್ಲಿ ಏನೋ ಹೇಳುತ್ತಿದ್ದಳು. ಮಕ್ಕಳನ್ನು ರಮಿಸುವ ಧಾಟಿ. ನಮಗೆ ಮಕ್ಕಳಿರಲಿಲ್ಲ, ಆ ಧಾಟಿಯನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಬಹಳ ಹೊತ್ತಿನ ಮೇಲೆ ಆ ಕಾಲುಗಳು ಮತ್ತೆ ಒಂದರ ಹಿಂದೊಂದು ಬೀಸತೊಡಗಿದವು. ಅದು ಮಗುಚಿಕೊಂಡು, ತೆವಳಿ, ಕಲ್ಲಿನ ತೂತಿಗೆ ಸೇರಿತು. ಒಳಗೇ ತಿರುಗಿ ಕಣ್ಣು ಹೊರಗಿಟ್ಟಿತು. ಅವಳು ಹನಿಯನ್ನು ಮೊದಲಿಗಿಂತ ನಿಧಾನಕ್ಕೆ ಬಿಟ್ಟಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗಾಜಿನ ಕಡ್ಡಿ ಎರಡೂ ನೀರಿನಲ್ಲಿ ಒಂದೇ ಮಟ್ಟಕ್ಕೆ ನಿಂತಿತು. ಮೀನುಗಳನ್ನೂ ಏಡಿಯನ್ನೂ ಬೇರೆ ಡಬ್ಬಕ್ಕೆ ಹಾಕಿದೆ. ಇಲ್ಲದಿದ್ದರೆ ಅವು ಬೆಳಗಾಗುವಷ್ಟರಲ್ಲಿ ಅದಕ್ಕೆ ಊಟವಾಗುತ್ತಿದ್ದವು. ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತುವಾಗ ಒಳಗಿನಿಂದ 'ಟಕ್' ಎಂದು ಒಂದು ಸದ್ದು. ಗೋಲಿಯಿಂದ ಹೊಡೆದಂತೆ ಕಲ್ಲು ನನ್ನ ಅಂಗೈಯಲ್ಲಿ ಅದುರಿತು. ಭಾವಮೈದುನ ಕುಣಿದುಬಿಟ್ಟ. "ಹೊಡೀತು! ಹೊಡೀತು ಅಂತ ಅಪ್ಪನಿಗೆ ಹೇಳ್ತೇನೆ!" ಎನ್ನುತ್ತಾ ಬಸ್ಸಿಗೆ ಓಡಿದ.

ಆಮೇಲಿನ ತಿಂಗಳುಗಳನ್ನು ನೆನೆದರೆ ಅವಳ ಬದುಕಿನಲ್ಲಿ ಅದಕ್ಕಿಂತ ಹಗುರವಾದ ಕಾಲ ಇರಲಿಲ್ಲವೆನ್ನಿಸುತ್ತದೆ. ಮಾವ ಮಗಳ ಯೋಗಕ್ಷೇಮ ಕೇಳುತ್ತಿರಲಿಲ್ಲ. ಮಗ ಬಸ್ಸಿನಿಂದ ಮರಳಿದಾಗ, "ಅದು ಉಂಟಾ?" ಎಂದು ಕೇಳುತ್ತಿದ್ದರಂತೆ. "ಉಂಟು" ಅಂದರೆ, "ತಿಂತದಾ?" ಎಂದು ಇನ್ನೊಂದು ಪ್ರಶ್ನೆ. ಮತ್ತೇನಿಲ್ಲ. ಆದರೆ ನೀರಿನ ಕ್ಯಾನಿನ ಜೊತೆಗೆ ಅದರ ಊಟಕ್ಕೆಂದು ಸಣ್ಣ ಬಸವನಹುಳುಗಳು ಬರತೊಡಗಿದವು. ಅವನ್ನು ಕಲ್ಲುಗಳಿಂದ ಬಿಡಿಸಿ ತರುತ್ತಿದ್ದವರು ಮಾವನೇ. ತೊಟ್ಟಿಗೆ ಒಂದನ್ನು ಹಾಕಿದರೆ ಅದು ತೂತಿನಿಂದ ಚಿಮ್ಮಿ ಎಳೆದುಕೊಂಡು ಹೋಗಿ, ಟಕ್ ಟಕ್ ಎಂದು ಚಿಪ್ಪು ಒಡೆಯುತ್ತಿತ್ತು. ಅಡಿಗೆಮನೆಯವರೆಗೂ ಕೇಳಿಸುತ್ತಿತ್ತು. "ಅಪ್ಪ ಕಳಿಸಿದ್ದು ತಿಂತಿದೆ ನೋಡಿ" ಎಂದು ಅವಳು ಸಾರು ಕಲಕುತ್ತಲೇ ಹೇಳುತ್ತಿದ್ದಳು.

ಒಮ್ಮೆ ಅದು ತೂತಿನ ಬಾಯಿಗೆ ಚಿಪ್ಪಿನ ಚೂರುಗಳನ್ನು ಒಟ್ಟಿ ಮುಚ್ಚಿಕೊಂಡು ಕಾಣೆಯಾಯಿತು. ಸತ್ತಿತೆಂದೇ ತಿಳಿದೆವು. ಒಂದು ಬೆಳಿಗ್ಗೆ ಅದರದೇ ಆಕಾರದ ತೆಳ್ಳಗಿನ ಪೊರೆಯೊಂದು ಹೊರಗೆ ಬಿದ್ದಿತ್ತು, ಹಿಂದೆಯೇ ಅದು ಹೊಸ ಮೈಯಲ್ಲಿ ಹೊಳೆಯುತ್ತಾ ಇಣುಕಿತು. ಆ ಪೊರೆಯನ್ನು ಅವಳು ಹತ್ತಿಯಲ್ಲಿ ಸುತ್ತಿ ತಮ್ಮನ ಕೈಯಲ್ಲಿ ಅಪ್ಪನಿಗೆ ಕಳಿಸಿದಳು. ಮಾವ ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರಂತೆ. "ಇನ್ನೇನು, ಬಾ ಅಂತ ಹೇಳ್ತಾರೆ" ಎಂದು ಅವಳು ಕಾದಳು. ಮಾವ ಹೇಳಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅದು ಮತ್ತೆ ಬಾಗಿಲು ಮುಚ್ಚಿಕೊಂಡಿತು. ಈ ಸಲ ಪೊರೆ ಪೂರಾ ಕಳಚಲಿಲ್ಲ. ಅರ್ಧ ಹೊರಗೆ, ಅರ್ಧ ಹಳೆಯ ಚಿಪ್ಪಿನಲ್ಲಿ ಸಿಕ್ಕಿಕೊಂಡೇ ಸತ್ತಿತ್ತು. ನಾವು ಏನು ತಪ್ಪಿದೆವೋ ನನಗೆ ಇಂದಿಗೂ ತಿಳಿಯದು. ಬಿಸಿಲು ಜೋರಿತ್ತು, ಕರೆಂಟು ಆಗಾಗ ಹೋಗುತ್ತಿತ್ತು. ಅಥವಾ ಅದರ ವಯಸ್ಸೇ ಅಷ್ಟಿತ್ತೋ ಏನೋ. ಅವಳು ಅದನ್ನು ಹಿತ್ತಲಿನ ದಾಸವಾಳದ ಬುಡದಲ್ಲಿ ಹೂತು ಕೈ ತೊಳೆದು ಡ್ಯೂಟಿಗೆ ಹೋದಳು.

ತಮ್ಮ ಬಂದಾಗ, "ಅಪ್ಪನಿಗೆ ಹೇಳಿಬಿಡು" ಅಂದಳು. ಅವನು ತಲೆಯಾಡಿಸಿದ.

ಮುಂದಿನ ವಾರವೂ ಕ್ಯಾನಿನ ಜೊತೆ ಬಸವನಹುಳು ಬಂದವು. ಅದರ ಮುಂದಿನ ವಾರವೂ.

"ಹೇಳ್ಲಿಲ್ವಾ ನೀನು?"

ಅವನು ನೆಲ ನೋಡುತ್ತಾ ನಿಂತ. "ಹೇಗೆ ಹೇಳೋದು ಅಕ್ಕ? ಈ ಮನೆ ಬಗ್ಗೆ ಅವರು ಕೇಳುವುದು ಅದೊಂದೇ. ಸತ್ತಿತು ಅಂದ್ರೆ ಮತ್ತೆ ಎಂತ ಕೇಳ್ತಾರೆ? ಅದೂ ನಿಂತು ಹೋಗ್ತದೆ."

ಅವಳು ಹುಳುಗಳನ್ನು ತೆಗೆದುಕೊಂಡು ತೊಟ್ಟಿಗೆ ಬಿಟ್ಟಳು. ಅಲ್ಲಿಂದ ಮುಂದೆ ಯಾರೂ ಆ ಮಾತೆತ್ತಲಿಲ್ಲ. ತಿನ್ನುವವರಿಲ್ಲದ ಹುಳುಗಳು ಬದುಕಿದವು. ವಾರವಾರವೂ ಇನ್ನಷ್ಟು ಬಂದು ಸೇರಿದವು. ಒಂದು ವರ್ಷ ಹೀಗೆಯೇ ಕಳೆಯಿತು.

ಆ ಮೇಲೆ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ಅವಳೇ ಹೋಗಿ ತೆರೆದಳು. ತಮ್ಮನ ಹಿಂದೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಅಂಗಳದಲ್ಲಿ ನಾನು ಕಂಡಿದ್ದ ಗಂಡಸಿನ ಅರ್ಧದಷ್ಟಾಗಿದ್ದ ಮಾವ ನಿಂತಿದ್ದರು. ಗಂಟಲಲ್ಲಿ ಗಡ್ಡೆ. ಊರಿನ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟಿದ್ದರು.

"ಬರಬಹುದಾ?" ಎಂದರು. ದನಿ ಕೀರಲಾಗಿತ್ತು.

ಅವಳು ಅವರ ಕೈ ಹಿಡಿದು ಒಳಗೆ ಕರೆತಂದಳು. ಮಾವ ಕೂರಲಿಲ್ಲ. ನಡುಮನೆಯಲ್ಲಿ ತೊಟ್ಟಿ ಕಂಡಿತು, ನೇರ ಅಲ್ಲಿಗೆ ಹೋದರು. ನಾವು ಮೂವರೂ ಅಲ್ಲೇ ನಿಂತುಬಿಟ್ಟೆವು. ಗಾಜಿನ ತುಂಬಾ ಬಸವನಹುಳುಗಳು. ಮೇಲೆ, ಕೆಳಗೆ, ಮರಳ ಮೇಲೆ, ಕಲ್ಲಿನ ಮೇಲೆ, ಅದು ಇದ್ದ ತೂತಿನ ಬಾಯಲ್ಲಿ ಸಹ. ಅವರು ತಮ್ಮ ಕೈಯಾರೆ ಕಲ್ಲುಗಳಿಂದ ಬಿಡಿಸಿ ಕಳಿಸಿದ್ದೆಲ್ಲ ನಿಧಾನವಾಗಿ ಗಾಜಿನ ಮೇಲೆ ಹರಿಯುತ್ತಿದ್ದವು.

ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಒಂದು ಹುಳುವಿನ ಹತ್ತಿರ ಗಾಜಿನ ಮೇಲೆ ಬೆರಳಿಟ್ಟು, "ಯಾವಾಗ?" ಎಂದರು.

ಅಲ್ಲಿಂದ ಅಪ್ಪ ಮಗಳು ಮಾತಾಡಿದ್ದು ತುಳುವಿನಲ್ಲಿ. ಅಷ್ಟು ಹೊತ್ತಿಗೆ ನನಗೆ ಆ ಭಾಷೆ ಅರ್ಥವಾಗುತ್ತಿತ್ತು.

"ಹೋದ ಬೇಸಿಗೆಯಲ್ಲಿ" ಎಂದಳು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಕೇಳೋದನ್ನೂ ಬಿಟ್ಟುಬಿಡ್ತೀರಿ ಅಂತ."

ಮಾವ ಅಲ್ಲಿದ್ದ ಕುರ್ಚಿಯ ಮೇಲೆ ಕೂತರು. ಉಸಿರು ಸುಧಾರಿಸಿಕೊಂಡು ಒಂದೊಂದೇ ಮಾತು ಹೇಳಿದರು. "ಬದುಕಿ ಉಂಟು, ತಿಂತದೆ ಅಂದ್ರೆ ನಾನು ಯಾವ ಮುಖದಲ್ಲಿ ಬರಲಿ? ಬರಬೇಡ ಅಂದವನು ನಾನೇ. ಸತ್ತಿತು ಅಂದಿದ್ರೆ ಆವತ್ತೇ ಬಸ್ಸು ಹತ್ತುತ್ತಿದ್ದೆ. ಸಾವಿನ ಮನೆಗೆ ಯಾರೂ ಕರೀಬೇಕಾಗಿಲ್ಲ."

"ಒಂದು ಸೀಗಡಿ ಸತ್ತಿದ್ದಕ್ಕೆ ಬರ್ತಿದ್ರಾ ಅಪ್ಪಾ?"

"ಅದಕ್ಕಲ್ಲ" ಎಂದರು.

ಅವಳು ಅವರ ಕಾಲ ಬಳಿ ನೆಲದ ಮೇಲೆ ಕೂತಳು. ಬಾಗಿಲ ಹತ್ತಿರ ನಿಂತಿದ್ದ ಹುಡುಗ ಬಾಯಿಗೆ ಟವೆಲ್ಲು ಒತ್ತಿಕೊಂಡು ಹೊರಗೆ ಹೋದ. ಅವನನ್ನು ಅಪ್ಪನೂ ಬೈಯಲಿಲ್ಲ, ಅಕ್ಕನೂ ಬೈಯಲಿಲ್ಲ. ಅವನು ಮಾತ್ರ ತನ್ನನ್ನು ಎಂದಾದರೂ ಕ್ಷಮಿಸಿಕೊಂಡನೆಂದು ನನಗನ್ನಿಸುವುದಿಲ್ಲ.

ಮಾವ ನಮ್ಮ ಮನೆಯಲ್ಲಿ ಬೇಸಿಗೆ ಮುಗಿಯುವ ತನಕ ಇದ್ದರು. ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಗಂಟಲಿಗೆ ಕರೆಂಟು ಕೊಡಿಸಿಕೊಂಡು ಬರಬೇಕಿತ್ತು. ರೇಡಿಯೇಷನ್ ಚಿಕಿತ್ಸೆಗೆ ಹಾಗೆಂದೇ ಎಲ್ಲರೂ ಅನ್ನುತ್ತಿದ್ದರು, ಕರೆಂಟು ಕೊಡುವುದು ಅಂತ. ಅವಳು ಡ್ಯೂಟಿ ಬದಲಿಸಿಕೊಂಡಳು. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಆರಿಸಿ ಚಮಚದಲ್ಲಿ ಕುಡಿಸಿದಳು. ನುಂಗುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. "ಸಾಕು" ಎಂದು ಕೈಯೆತ್ತಿದರೆ, "ಇನ್ನೆರಡು ಚಮಚ ಅಪ್ಪಾ" ಅನ್ನುತ್ತಿದ್ದಳು.

ಸಂಜೆ ನಾನು ಅವರನ್ನು ನಮ್ಮಪ್ಪನ ತರಕಾರಿ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೆ. ನಮ್ಮಪ್ಪ ಗೋಣಿಚೀಲ ಮಡಚಿ ಹಾಸಿ, "ಬನ್ನಿ ಬೀಗ್ರೇ, ಇಲ್ಲಿ ಕೂತ್ಕೊಳಿ. ಮಾತಾಡ್ಲೇಬೇಕು ಅಂತೇನಿಲ್ಲ" ಎಂದು ಜಾಗ ಮಾಡಿಕೊಡುತ್ತಿದ್ದರು. ಮಾವ ಅಲ್ಲಿ ಕೂತು ಬೀನ್ಸಿನ ರಾಶಿಯಿಂದ ಕೊಳೆತದ್ದನ್ನು ಆರಿಸಿ ಪಕ್ಕಕ್ಕಿಡುತ್ತಿದ್ದರು. ಒಂದು ದಿನ ಹಾಗೆ ಮರಳಿ ಬರುವಾಗ ದಾರಿಯಲ್ಲಿ ನಿಂತು ನನ್ನ ಭುಜದ ಮೇಲೆ ಕೈಯಿಟ್ಟರು. "ನೀವು ಅವಳಿಗೆ ಕಡಲು ತಂದು ಕೊಟ್ಟಿರಿ" ಅಂದರು. "ನಾನು ಅದನ್ನೂ ಮಾಡಲಿಲ್ಲ." ನಾನು ಅವರ ಚೀಲವನ್ನು ಈಸಿಕೊಂಡು ನಡೆದೆ.

ಮಳೆಗಾಲಕ್ಕೆ ಮುಂಚೆ ಅವರು ಊರಿಗೆ ಹೊರಟರು. ಗಡ್ಡೆ ಕರಗಿದೆ ಅಂದಿದ್ದರು ಡಾಕ್ಟರು, ಪೂರ್ತಿ ನಂಬಿಕೆಯಿಂದ ಹೇಳಿದಂತಿರಲಿಲ್ಲ. ಕಲಾಸಿಪಾಳ್ಯದಲ್ಲಿ ಮಗನ ಬಸ್ಸಿನ ಕಿಟಕಿಯ ಪಕ್ಕ ಕೂತು ಮಗಳನ್ನು ಹತ್ತಿರ ಕರೆದರು.

"ಮಳೆ ಕಳೆಯಲಿ. ದೋಣಿ ನೀರಿಗಿಳಿಸುವ ದಿನ ಮನೆಗೆ ಬಾ. ಇಬ್ಬರೂ ಬನ್ನಿ."

ಅವಳು ತಲೆಯಾಡಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಕೈ ಬೀಸುತ್ತಲೇ ಇದ್ದಳು. ಮಾರನೆಯ ದಿನವೇ ರಜೆಗೆ ಬರೆದುಕೊಟ್ಟಳು. ಅಪ್ಪನಿಗೆ ಒಂದು ಪಂಚೆ, ಅತ್ತೆಗೆ ಒಂದು ಸೀರೆ ತಂದಿಟ್ಟಳು. ಅತ್ತೆಯೆಂದರೆ ಅವಳು ಯಾರ ಮಗನನ್ನು ಬೇಡವೆಂದಿದ್ದಳೋ ಆಕೆಯೇ. ಈಗ ಆಕೆಯೇ ಅಣ್ಣನನ್ನು ನೋಡಿಕೊಳ್ಳುತ್ತಿದ್ದರು.

ಟೆಲಿಗ್ರಾಂ ಬಂದದ್ದು ಆಷಾಢದಲ್ಲಿ. ಸ್ಥಿತಿ ಗಂಭೀರ, ಕೂಡಲೇ ಹೊರಡಿ. ಸಿಕ್ಕ ಬಸ್ಸು ಹತ್ತಿದೆವು. ಸಕಲೇಶಪುರ ದಾಟಿದ ಮೇಲೆ ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಮುಂದೆ ಹೋಗುವಂತಿಲ್ಲ, ಹಿಂದೆ ಲಾರಿಗಳ ಸಾಲು. ಅವಳು ಬಸ್ಸಿನಿಂದಿಳಿದು ಮಳೆಯಲ್ಲೇ ಆ ಮಣ್ಣಿನ ರಾಶಿಯವರೆಗೆ ನಡೆದು ಹೋಗಿ, ನೋಡಿ, ಮರಳಿ ಬಂದಳು. ಮಣ್ಣು ತೆಗೆದು ದಾರಿ ಬಿಟ್ಟ ಮೇಲೆ ನಾವು ಊರು ಮುಟ್ಟಿದಾಗ ಮರುದಿನ ಮಧ್ಯಾಹ್ನ.

ಅಂಗಳದಲ್ಲಿ ಜನ ಇರಲಿಲ್ಲ. ಕೊಡೆಗಳು ಗೋಡೆಗೊರಗಿದ್ದವು. ಕಡಲು ಮನೆಯ ಹಿಂದೆಯೇ ಒಂದೇ ಸಮನೆ ಮೊರೆಯುತ್ತಿತ್ತು. ಭಾವಮೈದುನ ತಲೆ ಬೋಳಿಸಿಕೊಂಡು ಜಗಲಿಯ ಮೇಲೆ ಕೂತಿದ್ದ. ಅಕ್ಕನನ್ನು ಕಂಡು ಎದ್ದು ನಿಂತ.

ಅವಳು ಮೆಟ್ಟಿಲಿನ ಕೆಳಗೆ ಮಳೆಯಲ್ಲಿ ನಿಂತಿದ್ದಳು. ಒಳಗಿನಿಂದ ಅತ್ತೆ ಬಂದರು.

"ನಿನ್ನೆ ಬೆಳಿಗ್ಗೆ ಹೋದ. ಮಳೆ ಬಿಡುವ ಲಕ್ಷಣ ಇರಲಿಲ್ಲ ಮಗಾ, ಇಟ್ಟುಕೊಳ್ಳಲಿಕ್ಕೆ ಆಗಲಿಲ್ಲ" ಅಂದರು. ಅವಳು ಅಲುಗಾಡದೆ ನಿಂತಿದ್ದನ್ನು ನೋಡಿ, "ಹತ್ತಿ ಬಾ. ನೆನೀತಿದ್ದೀ" ಅಂದರು.

ಅವಳು ಹತ್ತಿದಳು. ಅತ್ತೆ ತಮ್ಮ ಸೆರಗಿನಿಂದಲೇ ಅವಳ ತಲೆ ಒರೆಸಿದರು. ಒಣಗಿದ ಸೀರೆ ಕೊಟ್ಟರು. ನಮ್ಮಿಬ್ಬರನ್ನೂ ಕೂರಿಸಿ ಪಕ್ಕದ ಮನೆಯವರು ಮಾಡಿ ಕಳಿಸಿದ್ದ ಗಂಜಿ ಬಡಿಸಿದರು.

"ಕೊನೆಗೆ ಏನಾದ್ರೂ ಹೇಳಿದ್ರಾ ಅತ್ತೆ?"

"ಇಲ್ಲ ಮಗಾ. ಗಂಟಲು ಪೂರಾ ಮುಚ್ಚಿಹೋಗಿತ್ತು. ಗುಟುಕು ನೀರೂ ಇಳೀತಿರಲಿಲ್ಲ."

ಅವಳು ತಟ್ಟೆ ನೋಡುತ್ತಾ ಕೂತಿದ್ದಳು. ಅತ್ತೆ ಇನ್ನೊಂದು ಸೌಟು ಗಂಜಿ ಹಾಕಿದರು. ಅವಳು ಬೇಡವೆನ್ನಲಿಲ್ಲ.